ಅಮ್ಮನ ರುಜು ಬೇಕಂತೆ

ಮಾರ್ಚ್ ೧೪, ಶನಿವಾರ ಬೆಳಗ್ಗೆ
ಮೂರನೇ ಮಹಡಿಯ ಬಾಡಿಗೆ ಕೋಣೆಯಿಂದ

ನನ್ನ ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಕತ್ತು ನೋವು ಇಳಿಯಿತೋ, ಇಲ್ಲ ಇನ್ನೂ ಬಿಸಿ ಬಟ್ಟೆ ಸುತ್ತಿಕೊಂಡೇ ಮಿಷನ್ ಮುಂದೆ ಕೂತಿದ್ದೀಯೋ? ಶಾಲೆ ಶುರುವಾಗುವುದರೊಳಗೆ ಸಮವಸ್ತ್ರ ಮುಗಿಸಬೇಕೆಂದು ಕಣ್ಣು ಹಾಳುಮಾಡಿಕೊಳ್ಳಬೇಡ. ಕನ್ನಡಕ ಬದಲಾಯಿಸು ಎಂದು ಹೋದ ತಿಂಗಳೇ ಬಡಕೊಂಡೆ, ನೀನು ಕಿವಿಯ ಮೇಲೆ ಹಾಕಿಕೊಂಡಿರುವುದಿಲ್ಲ ಬಿಡು. ಅಜ್ಜಿ ಹೇಗಿದ್ದಾಳೆ ಎಂದು ಕೇಳುವುದು ಪದ್ಧತಿ, ಕೇಳಿದ್ದೇನೆ, ಉತ್ತರ ಬೇಡ. ನಾನು ಚೆನ್ನಾಗಿದ್ದೇನೆ. ನೀನು ಹೊಲಿದುಕೊಟ್ಟ ನೀಲಿ ಅಂಗಿಯ ಪಕ್ಕದ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಂಡೆ, ಅಷ್ಟು ಚೆನ್ನಾಗಿದ್ದೇನೆ.

ಮನೆಗೆ ಬರೆಯದೆ ಹೊಲಿಗೆ ಅಂಗಡಿಯ ವಿಳಾಸಕ್ಕೆ ಯಾಕೆ ಬರೆದಳು ಎಂದು ಹೆದರಬೇಡ. ಇದು ಫೋನಿನಲ್ಲಿ ಆಡುವ ಮಾತಲ್ಲ. ನಮ್ಮ ಮನೆಯಲ್ಲಿ ಫೋನು ಯಾವತ್ತೂ ಸ್ಪೀಕರಿನಲ್ಲೇ ಇರುತ್ತದೆ. ನಾನು ಇಲ್ಲಿ ಒಂದು ಸಲ ಕೆಮ್ಮಿದರೆ ಅಲ್ಲಿ ಅಪ್ಪ ಒಂದು ಔಷಧಿ ಹೇಳುತ್ತಾನೆ, ಅಜ್ಜಿ ಇನ್ನೊಂದು, ಎದುರುಮನೆಯವಳು ಕಿಟಕಿಯಿಂದಲೇ ಮೂರನೆಯದು. ಓದಿದ ಮೇಲೆ ಈ ಕಾಗದವನ್ನು ಅಳತೆ ಪುಸ್ತಕದೊಳಗೆ ಇಡು. ಅಪ್ಪ ಆ ಪುಸ್ತಕ ಮುಟ್ಟುವುದಿಲ್ಲ.

ವಿಷಯ ಇಷ್ಟು. ಇಲ್ಲಿ ನನ್ನ ಆರು ತಿಂಗಳ ತರಬೇತಿ ಮುಗಿಯುವುದಕ್ಕೆ ಇನ್ನು ಐದು ವಾರ ಇದೆ. ಆಮೇಲೆ ಎರಡು ವರ್ಷದ ಸಂಬಳದ ಕೆಲಸವೊಂದು ಇದೆ, ಅದನ್ನು ನನಗೇ ಕೊಡುವ ಮನಸ್ಸು ಅವರಿಗಿದೆ. ಆದರೆ ಅದಕ್ಕೆ ಮೊದಲು ಅವರಿಗೆ ನಿನ್ನ ಕಥೆ ಬೇಕು. ಹೌದು, ಆ ಕಥೆಯೇ. ನಾನು ವೇದಿಕೆ ಹತ್ತಿ ಅದನ್ನು ಹೇಳಬೇಕಂತೆ. ಕಾಗದ ಮಡಚಿಡಬೇಡ, ಪೂರ್ತಿ ಓದು.

ಮೊದಲು ಈ ಜನ ಎಂಥವರು ಎಂದು ನಿನಗೆ ಗೊತ್ತಾಗಬೇಕು. ಬಾಗಿಲ ಮೇಲೆ ಲಿಂಗತ್ವ, ಆರೋಗ್ಯ ಮತ್ತು ನ್ಯಾಯ ಸಂಶೋಧನಾ ಘಟಕ ಎಂದು ಬೋರ್ಡು ಇದೆ. ನಾನು ಹೊರಡುವಾಗ ನೀನು ಕೇಳಿದ್ದೆ, ‘ಮೂರೂ ಒಂದೇ ಕಡೆ ಸಿಗುತ್ತೇನೇ?’ ಅಂತ. ಸಿಗುವುದಿಲ್ಲ ಅಮ್ಮಾ. ಇಲ್ಲಿ ಸಿಗುವುದು ಸೋಮವಾರ ಬೆಳಗಿನ ಸಭೆ. ಎಲ್ಲರೂ ದುಂಡಗೆ ಕೂರಬೇಕು. ಒಂದು ನುಣುಪಾದ ಕಲ್ಲು ಕೈಯಿಂದ ಕೈಗೆ ಹೋಗುತ್ತದೆ. ಕಲ್ಲು ಯಾರ ಕೈಯಲ್ಲಿದೆಯೋ ಅವರು ಮಾತ್ರ ಮಾತಾಡಬೇಕು, ಮಿಕ್ಕವರು ಬಾಯಿಗೆ ಬೀಗ ಹಾಕಿಕೊಂಡು ಕೇಳಬೇಕು. ಅಜ್ಜಿಯ ಕೈಗೆ ಆ ಕಲ್ಲು ಸಿಕ್ಕಿದ್ದರೆ ಊರಿನ ಗತಿ ಏನಾಗುತ್ತಿತ್ತು ಎಂದು ನೆನೆದು ಮೊದಲ ದಿನವೇ ಕಿಸಕ್ಕನೆ ನಕ್ಕುಬಿಟ್ಟೆ. ಯಾಕೆ ನಕ್ಕೆ ಎಂದು ಒಬ್ಬರೂ ಕೇಳಲಿಲ್ಲ. ನಗುವುದಕ್ಕೂ ನನಗೆ ಪೂರ್ತಿ ಹಕ್ಕಿದೆ ಎನ್ನುವ ಹಾಗೆ ಗಂಭೀರವಾಗಿ ತಲೆಯಾಡಿಸಿದರು.

ಮುಖ್ಯಸ್ಥೆಗೆ ನಾನಿಟ್ಟ ಹೆಸರು ನಿಟ್ಟುಸಿರಮ್ಮ. ಪ್ರತಿ ಮಾತಿಗೆ ಮುಂಚೆ ಎದೆಯ ಮೇಲೆ ಕೈಯಿಟ್ಟು ಒಂದು ಉಸಿರು ಬಿಡುತ್ತಾಳೆ. ಲೋಕದ ಹೆಂಗಸರ ಕಷ್ಟ ಹೇಳುವುದಕ್ಕೂ ಅದೇ ಉಸಿರು, ಪ್ರಿಂಟರಿನಲ್ಲಿ ಕಾಗದ ಮುಗಿದಿದೆ ಎನ್ನುವುದಕ್ಕೂ ಅದೇ ಉಸಿರು. ಅವಳ ಕೈಕೆಳಗೆ ಒಬ್ಬ ಗಂಡಸಿದ್ದಾನೆ, ಅವನು ಕ್ಷಮಿಸಿರಾಯ. ‘ನಾನು ಗಂಡಸು, ಇಲ್ಲಿ ನಾನು ಬಾಯಿ ತೆರೆಯಬಾರದು, ಕ್ಷಮಿಸಿ’ ಎಂದು ಶುರುಮಾಡಿದನೆಂದರೆ ಮುಕ್ಕಾಲು ಗಂಟೆ ಕಲ್ಲು ಕೆಳಗಿಡುವ ಪೈಕಿಯಲ್ಲ. ಮೇಜಿನ ಮೇಲೆ ಯಾವಾಗಲೂ ಕಣ್ಣೊರೆಸುವ ಕಾಗದದ ಡಬ್ಬಿ. ಸುಸ್ತಾದವರು ಮಲಗಲಿ ಎಂದು ಮೆತ್ತೆ ಹಾಕಿದ ಒಂದು ಕೋಣೆಯೂ ಇದೆ, ಆದರೆ ಅದರ ಬೀಗದಕೈ ನಿಟ್ಟುಸಿರಮ್ಮನ ಕೈಚೀಲದಲ್ಲಿರುತ್ತದೆ. ನೆಲ ಒರೆಸುವ ಹೆಂಗಸು ಒಂದು ದಿನ ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. ಇವರು ಅವಳನ್ನು ದಾಟಿಕೊಂಡು ಮುಟ್ಟಿನ ನೋವಿನ ಭಾಷಣಕ್ಕೆ ಹೋದರು. ನಾನೂ ಹೋದೆ, ತಡವಾಗಿತ್ತು.

ನನ್ನ ಕೆಲಸ ಏನೆಂದು ಕೇಳುತ್ತಿದ್ದೆಯಲ್ಲ, ಕೇಳು. ಎಲ್ಲೆಲ್ಲಿಯದೋ ಹೆಂಗಸರು ತಮ್ಮ ಹೆರಿಗೆ, ಆಪರೇಷನ್ನು, ಆಸ್ಪತ್ರೆಯಲ್ಲಿ ತಿಂದ ಬೈಗುಳ ಎಲ್ಲ ಹೇಳಿಕೊಂಡಿರುತ್ತಾರೆ. ಅದನ್ನು ಯಾರೋ ಬರೆದುಕೊಂಡಿರುತ್ತಾರೆ. ಆ ಬರಹವನ್ನು ನಾನು ಸಾಲುಸಾಲಾಗಿ ಕತ್ತರಿಸಿ ಬಣ್ಣದ ಚೀಟಿಯ ಮೇಲಿಟ್ಟು ಗೋಡೆಗೆ ಅಂಟಿಸಬೇಕು. ನಾಚಿಕೆಗೆ ಹಳದಿ, ನೋವಿಗೆ ಹಸಿರು, ದಬ್ಬಾಳಿಕೆಗೆ ನೀಲಿ. ಒಬ್ಬಾಕೆ ತನ್ನ ಕೂಸು ಹೋದದ್ದನ್ನು ಹೇಳುತ್ತಾ ನಡುವೆ, ಅವತ್ತು ಒಲೆಯ ಮೇಲೆ ಹಾಲಿಟ್ಟು ಬಂದಿದ್ದೆ, ಉಕ್ಕಿತೋ ಏನೋ ಅಂತ ಮನಸ್ಸಿನಲ್ಲೇ ಇತ್ತು, ಅಂದಿದ್ದಳು. ಹಾಲಿಗೆ ಯಾವ ಬಣ್ಣ ಎಂದು ಕೇಳಿದೆ. ಹಾಲು ಯಾವುದಕ್ಕೂ ಸೇರುವುದಿಲ್ಲ, ಬುಟ್ಟಿಗೆ ಹಾಕು ಅಂದರು. ಹಾಕಿದೆ. ಕತ್ತರಿಸುವುದು ಇವರಿಗೆ ಬಲು ಚೆನ್ನಾಗಿ ಬರುತ್ತದೆ ಅಮ್ಮಾ, ಒಂದು ಕಾಜವನ್ನೂ ಹೊಲಿದು ಗೊತ್ತಿಲ್ಲ. ಸಂಜೆಗೆ ಗೋಡೆ ತುಂಬಿತು, ನಿಟ್ಟುಸಿರಮ್ಮ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡಳು.

ಇಂಥವರಿಗೆ ನಿನ್ನ ವಿಷಯ ಗೊತ್ತಾಗಿದೆ. ಹೇಗೆ ಎಂಬುದನ್ನು ಆಮೇಲೆ ಹೇಳುತ್ತೇನೆ. ಅವರ ಕಡತದಲ್ಲಿ ಅದು ಒಂದೂವರೆ ಸಾಲು: ತಾಯಿಯ ಒಪ್ಪಿಗೆಯಿಲ್ಲದೆ ಸಂತಾನ ನಿಲ್ಲಿಸುವ ಶಸ್ತ್ರಚಿಕಿತ್ಸೆ, ಗಂಡನ ರುಜು, ಆರು ವರ್ಷ ಮುಚ್ಚಿಟ್ಟದ್ದು. ಓದಿದಾಗ ಇದು ಯಾರ ಮನೆಯದು ಎಂದು ಒಂದು ಗಳಿಗೆ ನನಗೇ ಹೊಳೆಯಲಿಲ್ಲ. ನಾನು ಹುಟ್ಟುವಾಗ ನಿನ್ನ ಹೊಟ್ಟೆ ಕುಯ್ದರು. ಇನ್ನೊಂದು ಹೆರಿಗೆಯಾದರೆ ಜೀವ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದರು, ಮತ್ತೆ ಮಕ್ಕಳಾಗದ ಹಾಗೆ ಅಲ್ಲೇ ಮಾಡಿ ಮುಗಿಸಿದರು. ಅಪ್ಪ ರುಜು ಹಾಕಿದ. ಹೆದರಿ ಹಾಕಿದ, ಸರಿ, ಅದನ್ನು ನಾನು ಕ್ಷಮಿಸಿಯೇನು. ಎಚ್ಚರವಾದ ಮೇಲೆ ನಿನಗೊಂದು ಮಾತು ಹೇಳಬಾರದಾಗಿತ್ತೇ? ಆರು ವರ್ಷ ನೀನು ಆ ಮಾತ್ರೆ ಈ ಕಷಾಯ ಎಂದು ಅಲೆದೆ. ಆರು ವರ್ಷ ಅಜ್ಜಿ ನಿನಗೆ ಗೊಡ್ಡು ಅಂದಳು, ಒಂದು ಹೆತ್ತು ನಿಂತ ಮಿಷನ್ನು ಅಂದಳು. ಅಪ್ಪ ಪಕ್ಕದಲ್ಲೇ ಕೂತು ತುಟಿ ಪಿಟಕ್ಕೆನ್ನದೆ ಉಗುರು ಕತ್ತರಿಸಿಕೊಂಡ. ಹೆಣ್ಣುಮಕ್ಕಳ ಮೇಲೆ ಕೈಯೆತ್ತುವವನಲ್ಲ ಎಂದು ಅವನನ್ನು ಊರೆಲ್ಲ ಹೊಗಳುತ್ತದೆ. ಮಾತೇ ಎತ್ತಲಿಲ್ಲ, ಇನ್ನು ಕೈ ಎಲ್ಲಿ ಎತ್ತುತ್ತಾನೆ? ಕೊನೆಗೆ ಯಾವಳೋ ನರ್ಸು ಹಳೇ ರಿಜಿಸ್ಟರು ತೆಗೆದು, ‘ನಿಮ್ಗೆ ಆಪರೇಷನ್ ಆಗಿದ್ಯಲ್ಲಮ್ಮ, ಮತ್ಯಾಕೆ ಬಂದ್ರಿ?’ ಅಂದಳು. ನೀನು ಮನೆಗೆ ಬಂದು ಅವತ್ತಿನ ನಲವತ್ತು ಜೇಬು ಹೊಲಿದು ಮುಗಿಸಿದೆ. ನಿನಗೆ ಗೊತ್ತಾಗಿದೆ ಎಂದು ಅಪ್ಪನಿಗೆ ಇವತ್ತಿಗೂ ಗೊತ್ತಿಲ್ಲ. ನಾನು ಕಾಲೇಜಿಗೆ ಹೊರಡುವ ಹಿಂದಿನ ದಿನ ನೀನು ಗುಂಡಿ ಹಾಕುತ್ತಾ ನನಗೆ ಹೇಳಿದೆ. ‘ನಿಂಗೊಬ್ಳಿಗೆ ಗೊತ್ತಿರ್ಲಿ ಅಂತ ಹೇಳ್ದೆ. ಎಲ್ಲೂ ಬಾಯಿ ಬಿಡ್ಬೇಡ’ ಅಂದೆ.

ಇದು ಇವರಿಗೆ ಬೇಕು. ಮುಂದಿನ ತಿಂಗಳು ವಾರ್ಷಿಕ ಸಭೆ. ದೇಣಿಗೆ ಕೊಡುವವರು ಬಂದು ಮುಂದಿನ ಸಾಲಿನಲ್ಲಿ ಕೂರುತ್ತಾರೆ. ನನಗೆ ಹನ್ನೆರಡು ನಿಮಿಷ. ಅದನ್ನು ವಿಡಿಯೋ ಮಾಡಿ ಎಲ್ಲರೂ ನೋಡುವ ಹಾಗೆ ಹಾಕುತ್ತಾರೆ. ನಮ್ಮ ಭಾಷೆಯ ಅಕ್ಷರವನ್ನೂ ಕೆಳಗೆ ಕೊಡುತ್ತಾರಂತೆ, ನಮ್ಮ ಜನಕ್ಕೂ ತಲುಪಲಿ ಎಂದು. ತಲುಪುತ್ತದೆ, ಯಾಕೆ ತಲುಪುವುದಿಲ್ಲ, ಎದುರುಮನೆಯ ಕಿಟಕಿಯ ಮೂಲಕವೇ ತಲುಪುತ್ತದೆ. ನಿಟ್ಟುಸಿರಮ್ಮ ಉಸಿರು ಬಿಟ್ಟು ಹೇಳಿದಳು, ‘ಆರು ವರ್ಷ ಅಂದ್ಮೇಲೆ ಒಂದು ಚೂರು ನಿಲ್ಸು, ಜನಕ್ಕೆ ನಾಟ್ಬೇಕು.’ ಕ್ಷಮಿಸಿರಾಯ ಕ್ಷಮಿಸಿ ಎಂದು ನಿನ್ನ ಫೋಟೋ ಕೇಳಿದ, ಮಿಷನ್ ಮುಂದೆ ಕೂತದ್ದೇ ಆದರೆ ಚೆನ್ನಾಗಿರುತ್ತೆ, ಮುಖ ಬೇಡ, ಕೈ ಸಾಕು ಅಂದ. ಥೂ ನಿಮ್ಮ ಮುಖಕ್ಕಿಷ್ಟು ಎಂದು ಎದ್ದು ಬಂದೆ ಎಂದು ಬರೆಯಬೇಕೆಂದು ಆಸೆ. ಬರಲಿಲ್ಲ ಅಮ್ಮಾ. ಎರಡು ಸಲ ಹೇಳಿ ಅಭ್ಯಾಸ ಮಾಡಿದೆ. ಎರಡನೇ ಸಲ ‘ಆರು ವರ್ಷ’ ಎಂದು ನಿಲ್ಲಿಸಿದಾಗ ನಿಟ್ಟುಸಿರಮ್ಮ ಅತ್ತೇಬಿಟ್ಟಳು. ನನಗೆ ಖುಷಿಯಾಯಿತು, ಕೆಲಸ ಸಿಕ್ಕಿದ ಹಾಗೇ ಎಂದುಕೊಂಡೆ.

ಆಗ ಅಡ್ಡಬಂದವನು ಫಾರಂ ತಾತ. ನೆಲಮಾಳಿಗೆಯಲ್ಲಿ ಪೈಪುಗಳ ಕೆಳಗೆ ಅವನ ಮೇಜು. ಸಂಶೋಧನೆ ನಿಯಮದ ಪ್ರಕಾರ ನಡೆದಿದೆಯೋ ಇಲ್ಲವೋ ಎಂದು ನೋಡಿ ಮೊಹರು ಒತ್ತುವುದು ಅವನ ಕೆಲಸ. ಸೋಮವಾರದ ಸಭೆಗೆ ಅವನನ್ನು ಕರೆಯುವುದಿಲ್ಲ, ಅವನ ಕೈಗೆ ಯಾರೂ ಕಲ್ಲು ಕೊಡುವುದಿಲ್ಲ. ಮೀಸೆಯಲ್ಲಿ ಯಾವಾಗಲೂ ಬ್ರೆಡ್ಡಿನ ಪುಡಿ. ಇಡೀ ಘಟಕ ಅವನನ್ನು ಆಡಿಕೊಂಡು ನಗುತ್ತದೆ, ಎಲ್ಲರಿಗಿಂತ ಜಾಸ್ತಿ ನಕ್ಕವಳು ನಾನೇ. ಹೋದ ಸೋಮವಾರ ಕರೆಸಿ ನನ್ನ ಕಡತ ಮುಂದಿಟ್ಟ.

‘ನಿಮ್ಮ ತಾಯಿ ಬದುಕಿದ್ದಾರಾ?’ ಎಂದು ಕೇಳಿದ. ಇದ್ದಾರೆ ಎಂದೆ. ಹಾಗಾದರೆ ಅವರ ರುಜು ಎಲ್ಲಿ, ಅಂದ. ನನಗೆ ಮೈಯೆಲ್ಲ ಉರಿದುಹೋಯಿತು. ಅವಳು ನನ್ನ ಅಮ್ಮ, ಅವತ್ತು ಅಲ್ಲಿ ಹುಟ್ಟುತ್ತಿದ್ದವಳು ನಾನು, ನನಗಿಲ್ಲದ ಹಕ್ಕು ಇನ್ಯಾರಿಗಿದೆ ಎಂದು ಗಂಟಲು ಹರಿದುಕೊಂಡೆ. ‘ಹುಟ್ಟಿದ್ದು ನಿಮ್ಮದು. ಮಿಕ್ಕಿದ್ದು ಅವ್ರದು’ ಅಂದ. ನಮ್ಮಮ್ಮ ನಾನು ಎಲ್ಲಿ ತೋರಿಸಿದರೆ ಅಲ್ಲಿ ರುಜು ಹಾಕುತ್ತಾಳೆ, ಅದೇನು ದೊಡ್ಡ ವಿಷಯ ಎಂದೆ. ಮುದುಕ ಕನ್ನಡಕದ ಮೇಲಿನಿಂದ ನೋಡಿ, ‘ಅವ್ರ ಗಂಡನೂ ಹಾಗೇ ಅಂದ್ಕೊಂಡಿರ್ಬೇಕು’ ಅಂದು, ನಾಲ್ಕು ಪುಟದ ಫಾರಂ ಕೈಗಿಟ್ಟ.

ಎರಡು ದಿನ ಅವನಿಗೆ ಹಿಡಿಶಾಪ ಹಾಕಿದೆ. ಮೂರನೇ ದಿನ ಕೂತು ಫಾರಂ ನಮ್ಮ ಭಾಷೆಗೆ ಇಳಿಸಿದೆ. ಒಣ ಕಟ್ಟಿಗೆಯಂಥ ವಾಕ್ಯಗಳು. ‘ನಿಮಗೆ ಇದನ್ನು ಯಾರಾದರೂ ವಿವರಿಸಿದ್ದಾರೆಯೇ? ಯೋಚಿಸಲು ಸಮಯ ಕೊಟ್ಟಿದ್ದಾರೆಯೇ? ಬೇಡವೆಂದರೆ ನಿಮಗೆ ಯಾವ ತೊಂದರೆಯೂ ಆಗುವುದಿಲ್ಲ ಎಂದು ತಿಳಿಸಿದ್ದಾರೆಯೇ?’ ಇಷ್ಟೇ. ಇದನ್ನು ನಿನಗೆ ಡಾಕ್ಟರು ಕೇಳಲಿಲ್ಲ, ಅಪ್ಪ ಕೇಳಲಿಲ್ಲ. ಐದು ತಿಂಗಳಿಂದ ದಿನಕ್ಕೆ ಹತ್ತು ಸಲ ಒಪ್ಪಿಗೆ ಒಪ್ಪಿಗೆ ಎಂದು ಚೀಟಿ ಅಂಟಿಸಿದ ನಾನೂ ಕೇಳಲಿಲ್ಲ. ಇಲ್ಲಿನವರನ್ನು ನೋಡಿ ಮೂಗು ಮುರಿಯುತ್ತಾ ಕೂತಿದ್ದೆ, ನನಗಿಂತ ಅಗ್ಗದವಳು ಈ ಕಟ್ಟಡದಲ್ಲಿ ಇನ್ನೊಬ್ಬಳಿಲ್ಲ ಎಂದು ಫಾರಂ ಬರೆಯುತ್ತಾ ಗೊತ್ತಾಯಿತು. ನಾಚಿಕೆಯಾಗಿದೆ ಅಮ್ಮಾ. ಅದಕ್ಕೆ ಹಳದಿ ಚೀಟಿ ಸಾಕಾಗುವುದಿಲ್ಲ.

ಕತ್ತಿಗೆ ಡಾಕ್ಟರು ಹೇಳಿದ ಪಟ್ಟಿ ಹಾಕಿಕೋ, ಕರಿ ಬಟ್ಟೆ ಇರುಳಲ್ಲಿ ಹೊಲಿಯಬೇಡ. ಅಂಗಡಿಯ ಅಕ್ಕನಿಗೆ ನನ್ನ ನೆನಪು ಹೇಳು. ಅಪ್ಪನಿಗೆ ಏನೂ ಹೇಳಬೇಡ. ನಿನ್ನ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಿದ್ದೇನೆ ಎಂದುಕೋ.

ನಿನ್ನ ಬಾಯಿಬಡುಕಿ ಮಗಳು

ಮರೆತೆ: ಅಂಚೆಯವರು ಇನ್ನರ್ಧ ಗಂಟೆಗೆ ಬಾಗಿಲು ಹಾಕುತ್ತಾರೆ, ಅಕ್ಷರ ಕೆಟ್ಟಿದ್ದರೆ ಬೈಯಬೇಡ. ಅವರಿಗೆ ಹೇಗೆ ಗೊತ್ತಾಯಿತು ಎಂದು ಹೇಳಲೇ ಇಲ್ಲ ನಾನು. ಯಾರೂ ಕೆದಕಲಿಲ್ಲ. ನಾನೇ ಬರೆದೆ, ಅರ್ಜಿಯಲ್ಲಿ. ಈ ಕೆಲಸಕ್ಕೆ ಯಾಕೆ ಬರುತ್ತೀರಿ ಎಂದು ಕೇಳಿ ಅರ್ಧ ಪುಟ ಜಾಗ ಬಿಟ್ಟಿದ್ದರು, ನನ್ನ ಹತ್ತಿರ ಬರೆಯುವಂಥದ್ದು ಇನ್ನೇನೂ ಇರಲಿಲ್ಲ, ನಿನ್ನದನ್ನು ಬರೆದೆ. ಅದಕ್ಕೇ ಆರಿಸಿದರು. ನೀನು ಊರಿಗೆಲ್ಲ ಮಗಳು ಬುದ್ಧಿವಂತೆ ಎಂದು ಹೇಳಿಕೊಂಡು ಬಂದೆ. ಫಾರಂ ಇದರೊಳಗೇ ಇದೆ. ನಾಲ್ಕನೇ ಪುಟದಲ್ಲಿ ಎರಡು ಚೌಕ, ‘ಒಪ್ಪಿಗೆ ಇದೆ’, ‘ಒಪ್ಪಿಗೆ ಇಲ್ಲ’. ನಿನಗೆ ಸುಲಭವಾಗಲಿ ಎಂದು ನಿಟ್ಟುಸಿರಮ್ಮ ಮೊದಲನೆಯದಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ ಕೊಟ್ಟಿದ್ದಳು, ಅಳಿಸಿದ್ದೇನೆ. ಅದನ್ನು ವಾಪಸು ಕಳಿಸಲು ಜೊತೆಗಿಟ್ಟಿರುವ ಲಕೋಟೆಯ ಮೇಲಿರುವುದು ಫಾರಂ ತಾತನ ವಿಳಾಸ, ನನ್ನದಲ್ಲ, ನೇರ ಅವನ ಮೇಜಿಗೇ ಹೋಗುತ್ತದೆ. ನೀನು ಒಪ್ಪಿಗೆ ಇಲ್ಲ ಎಂದರೆ ನಾನು ಐದು ವಾರಕ್ಕೆ ಪೆಟ್ಟಿಗೆ ಕಟ್ಟಿಕೊಂಡು ಬರುತ್ತೇನೆ, ಅದು ನಿನ್ನ ತಲೆನೋವಲ್ಲ. ಯಾರನ್ನೂ ಕೇಳಬೇಡ. ಫೋನು ಮಾಡಿ ನನ್ನನ್ನೂ ಕೇಳಬೇಡ ಅಮ್ಮಾ, ನಾನು ಹೂಂ ಅಂತ ಹಾಕು ಅಂದುಬಿಡುತ್ತೇನೆ.