ಆಲ್ಟರ್ನೇಟರ್ ಮತ್ತು ಎಗರ್ಟನ ಉಸಿರು

ಜೂನ್ ೧೪, ಶನಿವಾರ. ಫೇಮಾರ್ನ್ ದ್ವೀಪ, ಮನೆಗಾಡಿಗಳು ತಂಗುವ, ಕರೆಂಟಿಲ್ಲದ ಬಿಡಾರ.

ನಿನ್ನೆ ಹಗಲಿಡೀ ಓಡಿಸಿದರೂ ನಮ್ಮ ಮನೆಗಾಡಿಯ ಒಳಗಿನ ಬ್ಯಾಟರಿ ತುಂಬಲಿಲ್ಲ. ಹಾಗಾಗಿ ಪತಿದೇವ ಎಗರ್ಟ್ ಇಂದು ರಾತ್ರಿ ಉಸಿರಾಟದ ಯಂತ್ರವಿಲ್ಲದೆ ಮಲಗಿದ್ದಾನೆ. ಅದಿಲ್ಲದಿದ್ದರೆ ನಿದ್ದೆಯಲ್ಲಿ ಅವನ ಉಸಿರು ನಿಲ್ಲುತ್ತದೆ.

ಗಾಡಿ ಕೊಂಡಾಗಲೇ ಹೇಳಿದ್ದೆ. "ಓಡುವಾಗ ಕರೆಂಟು ಹುಟ್ಟಿಸೋ ಈ ಆಲ್ಟರ್ನೇಟರ್ ಹೊಸ ಕಾಲದ್ದು ಕಣೋ, ಎಂಜಿನ್ನಿನ ಬ್ಯಾಟರಿ ತುಂಬಿದ ಕೂಡಲೇ ಕೈ ಬಿಗಿ ಹಿಡಿಯುತ್ತೆ. ಎರಡು ಬ್ಯಾಟರಿಗಳ ನಡುವೆ ಒಂದು ಬೂಸ್ಟರ್ ಹಾಕಿಸು, ಒಳಗಿನದಕ್ಕೂ ಕರೆಂಟು ಎಳೆದು ಕೊಡುತ್ತೆ."

"ನೀನು ಯಾವಾಗ ಮೆಕ್ಯಾನಿಕ್ ಆದೆಯೇ? ಹಳೇ ಗಾಡೀಲಿ ಬರೀ ರಿಲೇ ಸ್ವಿಚ್ಚು ಇತ್ತು, ಚೆನ್ನಾಗೇ ನಡೀತು."

ಇಂದು ಮಧ್ಯಾಹ್ನ, ಸದ್ದು ಮಾಡಬಾರದೆಂಬ ನಿಯಮದಂತೆ ಇಡೀ ಬಿಡಾರ ಮೌನವ್ರತದಲ್ಲಿರುವ ಹೊತ್ತಿಗೆ, ಮಹಾಶಯ ನಿಂತ ಗಾಡಿಯ ಎಂಜಿನ್ ಚಾಲೂ ಮಾಡಿದ. ನಮ್ಮ ದೇಶದಲ್ಲಿ ಇದಕ್ಕಿಂತ ಕೊಲೆ ವಾಸಿ. ಸುತ್ತಲಿನ ಗಾಡಿಗಳ ಕಿಟಕಿ ಪರದೆಗಳೆಲ್ಲ ಸರಿದವು. ಪಕ್ಕದ ಗಾಡಿಯ ಯಜಮಾನ ಟಮ್ಮೊ ಎದ್ದು ಬಂದರು.

"ಯಜಮಾನ್ರೇ, ನಿಂತಲ್ಲೇ ಗುರುಗುಟ್ಟಿಸಿದ್ರೆ ನಮ್ಮ ನಿದ್ದೆ ಕೆಡುತ್ತೆ, ನಿಮ್ಮ ಬ್ಯಾಟರಿ ತುಂಬಲ್ಲ. ನಡುವೆ ಬೂಸ್ಟರ್ ಹಾಕಿಸ್ಕೊಳ್ಳಿ."

ಎಗರ್ಟ್ ಎಂಜಿನ್ ಆರಿಸಿ, ಅವರನ್ನು ಕೂರಿಸಿ ಬಿಯರ್ ಕೊಟ್ಟ. ಆಮೇಲೆ ನನ್ನತ್ತ ತಿರುಗಿದ. "ನೋಡು ವೀಬ್ಕೆ, ತಿಳಿದವರು ಅಂದ್ರೆ ಹೀಗಿರ್ಬೇಕು."

ಅವರಿಬ್ಬರ ಬಿಯರಿಗೆ ಹೆರಿಂಗ್ ಮೀನು ಕತ್ತರಿಸಿ ಕೊಟ್ಟವಳೂ ನಾನೇ.

ಈಗ ಅವನ ಉಸಿರಿಗೂ ನಾನೇ ಕಾವಲು. ನಿಂತಾಗಲೆಲ್ಲ ಮೊಣಕೈಯಿಂದ ತಿವಿಯುತ್ತೇನೆ, ಗೊಣಗುತ್ತಾ ಮತ್ತೆ ಎಳೆದುಕೊಳ್ಳುತ್ತಾನೆ. ಈ ಏರ್ಪಾಡಿಗೆ ಬ್ಯಾಟರಿ ಬೇಡ, ಹೆಂಡತಿ ಸಾಕು. ಬೆಳಿಗ್ಗೆ ಎದ್ದು, ಯಂತ್ರವಿಲ್ಲದೆಯೂ ಸೊಗಸಾಗಿ ನಿದ್ದೆ ಬಂತು ಎನ್ನುತ್ತಾನೆ, ನನಗೆ ಗೊತ್ತು. ಒಮ್ಮೆಯಾದರೂ ತಿವಿಯದೆ ಸುಮ್ಮನಿದ್ದು ನೋಡಬೇಕು ಎಂದು ಆಗಿನಿಂದ—

ಇರಲಿ, ಉಸಿರು ಮತ್ತೆ ನಿಂತಿತು