ಹಾಲೇಶ ಹೇಳಿದ ಕ್ಲೈಮ್ಯಾಕ್ಸ್

ಚಿಕ್ಕಪಡಸಲಗಿಯ ಸಮಸ್ತ ಚಿತ್ರರಸಿಕರೇ, ಚಹಾರಸಿಕರೇ, ಗೈರುಹಾಜರಿರುವ ಗೆಳೆಯ ಹಾಲೇಶನೇ!

ನಾವು ಟೆಂಟಿನಲ್ಲಿ ನೋಡಿದ್ದ ಆ ಹಳೆಯ ಸಿನಿಮಾ ನಿನ್ನೆ ಟೀವಿಯಲ್ಲಿ ಬಂತು. ಕೊನೆಗೆ ನಾಯಕ ಹೊಳೆಯಲ್ಲಿ ಮುಳುಗಿ ಸತ್ತ. ಚಹಾದಂಗಡಿ ಸಿಡಿದೆದ್ದಿತು.

“ಟೀವ್ಯಾವ್ರು ಕತ್ತರಿ ಹಾಕ್ಯಾರಲೇ! ಅಂವ ಈಸಿ ದಂಡಿಗಿ ಬರ್ತಾನ. ಕಣ್ಣಾರೆ ನೋಡೇನಿ,” ಎಂದ ಅಪ್ಪಾಸಾಬ. “ಮಾಸ್ತರ, ನೀವೂ ಅಲ್ಲಿದ್ರಲ್ಲಾ, ಹೇಳ್ರಿ!” ಎಂದು ನನ್ನತ್ತ ತಿರುಗಿದ.

ಅದನ್ನು ಯಾರೂ ನೋಡಿಲ್ಲ. ಅಂದು ಟೆಂಟಿನಲ್ಲಿ ಕರೆಂಟ್ ಹೋಗಿ ಪರದೆ ಕಪ್ಪು, ಜನ ಗಪ್ಪು. ಹಾಲೇಶ, ನೀನೇ ಎದ್ದು ನಿಂತು ಉಳಿದ ಕಥೆ ಹೇಳಿದೆ. ನಿನ್ನ ಮಾತಿನಲ್ಲಿ ಅವನು ತೆರೆ ಸೀಳಿ, ನಗುತ್ತ ದಂಡೆ ಹತ್ತಿದ. ಊರು ನಿನ್ನ ದನಿ ಮರೆತು, ಆ ಚಿತ್ರ ಮಾತ್ರ ಉಳಿಸಿಕೊಂಡಿದೆ.

“ಖರೆ, ದಂಡಿಗಿ ಬರ್ತಾನ,” ಎಂದೆ.

ಇಲ್ಲಿ ಹೊಳೆಯ ದಂಡೆಯಲ್ಲಿ ನಾನೊಬ್ಬನೇ, ಯಾವ ರಸಿಕರೂ ಇಲ್ಲ, ಹಾಲೇಶ. ಟೆಂಟಿನ ಆ ರಾತ್ರಿಯ ಮರುವರ್ಷ ನಿನ್ನನ್ನು ಹೊಳೆ ಒಯ್ದಿತು. ನಾನಿನ್ನೂ ನೀ ಹೇಳಿದ ಕೊನೆಗಾಗಿಯೇ ಕಾಯುತ್ತಿದ್ದೇನೆ.