ಇಂಕಾ ಗೋಡೆಯ ಮುಂದೆ ಅತ್ತೆ ಮಾತಾಡಿದ್ದು

ಗದಗ,
ಫೆಬ್ರವರಿ ೩೦, ೨೩೬೪

ಇನ್ನೂ ಬದುಕಿರುವಾಗಲೇ ಇದನ್ನು ಓದುತ್ತಿರುವ ನನ್ನ ಪೂರ್ವಿಕರಿಗೆ ನಮಸ್ಕಾರಗಳು.

ತೇದಿ ಕಂಡು ಗಾಬರಿಯಾಗಬೇಡಿ. ಫೆಬ್ರವರಿಗೆ ಮೂವತ್ತು ದಿನ ಕೊಟ್ಟು ನಮ್ಮಲ್ಲಿ ಎಂಬತ್ತು ವರ್ಷವಾಯಿತು. ಕೆಲವು ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕನ್ನಡ ಓದುವಾಗ ನಮಗೂ ಹಾಗೆಯೇ ಆಗುತ್ತದೆ. ಕಳೆದ ತಿಂಗಳು ಪೆರು ದೇಶದ ಬೆಟ್ಟದ ಮೇಲೆ ನಮ್ಮ ಮನೆಯವರಿಗೆ ಆದದ್ದನ್ನು ಯಾರಿಗಾದರೂ ಹೇಳಲೇಬೇಕು. ಇಲ್ಲಿ ಹೇಳೋಣವೆಂದರೆ ಎಲ್ಲರಿಗೂ ಗೊತ್ತಾಗಿಹೋಗಿದೆ.

ನನ್ನ ಅಪ್ಪ ಫಕೀರಪ್ಪ ಕಲ್ಲುಕೆಲಸದ ಮೇಸ್ತ್ರಿ. ಅವನ ಅಕ್ಕ ಈರವ್ವ, ಅಂದರೆ ನನ್ನ ಸೋದರತ್ತೆ, ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದವಳು. ಹನ್ನೊಂದು ವರ್ಷದ ಹಿಂದೆ ಅಪ್ಪ ಅವಳ ಹೊಸ ಮನೆಗೆ ಅಡುಗೆಕೋಣೆಯ ಗೋಡೆ ಕಟ್ಟಿಕೊಟ್ಟ. ಗೃಹಪ್ರವೇಶದ ದಿನ ಅತ್ತೆ ಬೀಗರೆದುರು, “ಗ್ವಾಡಿ ಕುಡದು ನಿಂತಂಗೈತಿ” ಅಂದಳು. ಅಪ್ಪ ಹೋಳಿಗೆ ಮುಟ್ಟದೆ ಎದ್ದುಬಂದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಆಡಲೇಬೇಕಾದದ್ದೆಲ್ಲ ನನ್ನ ಮೂಲಕ.

ಇಂಕಾ ಜನರ ಪಾಳುನಗರ ನೋಡುವುದು ಅತ್ತೆಯ ಚಿಕ್ಕಂದಿನ ಆಸೆ. ಆದರೆ ಅಲ್ಲಿಗೆ ಬಿಡುವುದು ‘ಮನೆಚೀಟಿ’ ಇದ್ದವರನ್ನು ಮಾತ್ರ. ಒಂದೇ ಮನೆತನದ ಮೂವರು ಜೊತೆಯಾಗಿ ಬಂದರೆ ಸಿಗುವ ಪರವಾನಗಿ ಅದು.

“ನಿಮ್ಮಪ್ಪನ್ನ ಕೇಳು, ಬರತಾನೇನಂತ” ಅಂದಳು ಅತ್ತೆ. ಅಪ್ಪ ಎದುರಿಗೇ ಕುಳಿತಿದ್ದ.

“ಬರತೀನಂತ ಹೇಳು. ಗ್ವಾಡಿ ನೋಡಾಕ, ಮಂದೀನ್ನ ನೋಡಾಕಲ್ಲ” ಅಂದ.

ಗಾಳಿದೋಣಿಯಲ್ಲಿ, ಅಂದರೆ ದೊಡ್ಡ ಅನಿಲಚೀಲಕ್ಕೆ ತೂಗುಬಿಟ್ಟ ಬಂಡಿಯಲ್ಲಿ, ನಾಲ್ಕು ದಿನ ಪಯಣ. ಉಪ್ಪಿನಕಾಯಿಯ ಭರಣಿ ಕೂಡ ನನ್ನ ಕೈದಾಟಿಯೇ ಆ ಕಡೆಯಿಂದ ಈ ಕಡೆಗೆ ಬರುತ್ತಿತ್ತು.

ಬೆಟ್ಟದ ಬುಡದಲ್ಲಿ ನಮ್ಮ ಕೈಗೆ ‘ಉಸಿರುಕಡಗ’ ತೊಡಿಸಿದರು. ಮೇಲೆ ಗಾಳಿ ತೆಳು. ಉಸಿರು ಹೆಚ್ಚು ಖರ್ಚಾದರೆ ಕಡಗ ಕೆಂಪಾಗುತ್ತದೆ, ಆಗ ಬಾಯಿ ಮುಚ್ಚಿ ಕುಳಿತುಬಿಡಬೇಕು. ದಾರಿ ತೋರಿಸಲು ಬಂದವಳ ಹೆಸರು ಕುಸಿ. ಅವಳ ಭಾಷೆಯಲ್ಲಿ ಸಂತೋಷ ಎಂದರ್ಥವಂತೆ. ಅಪ್ಪ ಮಾತ್ರ ಗೋಡೆಯ ಪಕ್ಕದಲ್ಲಿ ಯಾರಾದರೂ ಅವಳನ್ನು ಕೂಗಿದಾಗಲೆಲ್ಲ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಅವಳ ಮಾತನ್ನು ನಮ್ಮ ಭಾಷೆಗೆ ತಿರುಗಿಸುತ್ತಿದ್ದ ‘ನುಡಿಗುಂಡಿ’ಗೆ ಸರ್ಕಾರಿ ಕಾಗದದ ಕನ್ನಡ ಬಿಟ್ಟು ಬೇರೆ ಗೊತ್ತಿರಲಿಲ್ಲ.

ಮೆಟ್ಟಿಲುದ್ದಕ್ಕೂ ಅತ್ತೆ ಇಂಕಾ ಅರಸರ ಚರಿತ್ರೆ ಹೇಳಿದಳು, “ಅವಗ ಹೇಳು” ಎನ್ನುತ್ತ. ಅಪ್ಪ ಸಂಶಯ ಕೇಳಿದ, “ಅಕೀಗೆ ಕೇಳು” ಎನ್ನುತ್ತ. ಅವರಿಗೆ ಒಂದೊಂದು ಪಾಲು ಮಾತು, ನನಗೆ ಎರಡೂ ಪಾಲು. ಮೇಲೆ ತಲುಪುವಷ್ಟರಲ್ಲಿ ನನ್ನ ಕಡಗ ಕೆಂಡದಂತಾಯಿತು.

“ತಾವು ಈ ಕ್ಷಣದಿಂದ ಮೌನ ವಹಿಸತಕ್ಕದ್ದು” ಎಂದಿತು ಕುಸಿಯ ಯಂತ್ರ. ನಾನು ಕಲ್ಲಿನ ಮೇಲೆ ಕುಸಿದು ಕುಳಿತೆ.

ಎದುರಿಗೆ ಆನೆಗಾತ್ರದ ಕಲ್ಲುಗಳ ಗೋಡೆ. ಅಪ್ಪ ಅದರ ಮುಂದೆ ಕುಕ್ಕರಗಾಲಲ್ಲಿ ಕೂತವನು ಮೈಮರೆತ. ಅಷ್ಟರಲ್ಲಿ ಒಂದು ಲಾಮಾ, ಉದ್ದ ಕತ್ತಿನ ಕುರಿಯಂಥ ಪ್ರಾಣಿ, ಹಿಂದಿನಿಂದ ಬಂದು ಅವನ ರುಮಾಲಿನ ಚುಂಗು ಜಗಿಯತೊಡಗಿತು.

“ಚಂದ್ರೀ, ಅವಗ ಹೇಳ!” ಅಂದಳು ಅತ್ತೆ. ನಾನು ಕಡಗ ತೋರಿಸಿದೆ. ರುಮಾಲು ಎರಡು ಮೊಳ ಬಿಚ್ಚಿತು. ಅತ್ತೆ ಆಕಾಶ ನೋಡಿದಳು, ಕುಸಿಯನ್ನು ನೋಡಿದಳು, ಇನ್ನೊಂದು ಮೊಳ ಒಳಗೆ ಹೋದದ್ದನ್ನೂ ನೋಡಿದಳು.

“ಏ ಫಕ್ಕೀರ್ಯಾ! ನಿನ್ನ ರುಮಾಲ ತಿನ್ನಾಕತ್ತೈತೊ!”

ಅಪ್ಪ ತಿರುಗಲಿಲ್ಲ. “ತಿನ್ನಲಿ ಬಿಡಕ್ಕಾ” ಅಂದ. ಕಣ್ಣು ತುಂಬಿತ್ತು. “ಗಚ್ಚಿಲ್ಲ, ಸುಣ್ಣಿಲ್ಲ, ನೂಲು ತೂರುವಷ್ಟು ಸಂದಿಲ್ಲ. ನನ್ನ ಗ್ವಾಡಿ ಡೊಂಕೇ ಇತ್ತು.”

ಅತ್ತೆ ಅವನ ಪಕ್ಕದಲ್ಲಿ ಕೂತಳು. “ಡೊಂಕಿದ್ರ ಏನಾತು? ಇನ್ನೂ ಬಿದ್ದಿಲ್ಲಲ್ಲೋ. ಬೀಗರ ಮುಂದ ನಾ ಹಂಗ ಅನಬಾರದಿತ್ತು.”

ಆಮೇಲೆ ಹನ್ನೊಂದು ವರ್ಷದ ಮಾತು ಒಮ್ಮೆಲೇ ಹೊರಬಿತ್ತು. ಹತ್ತೇ ನಿಮಿಷದಲ್ಲಿ ಇಬ್ಬರ ಕಡಗವೂ ಕೆಂಪು. “ಸದರಿ ಕುಟುಂಬವನ್ನು ಕೆಳಗಿಳಿಸತಕ್ಕದ್ದು” ಎಂದಿತು ಯಂತ್ರ. ನಮ್ಮನ್ನು ಕುರ್ಚಿಗಳಲ್ಲಿ ಹೊತ್ತು ಇಳಿಸಿದರು. ಅತ್ತೆ ಜೀವಮಾನವೆಲ್ಲ ಕನಸು ಕಂಡ ನಗರದಲ್ಲಿ ನಾವು ನೋಡಿದ್ದು ಒಂದೇ ಒಂದು ಗೋಡೆ.

ಈಗ ಇಬ್ಬರೂ ದಿನಾ ಸಂಜೆ ಜೊತೆಗೆ ಕೂತು ನನ್ನ ಅಡುಗೆಯ ತಪ್ಪು ಎಣಿಸುತ್ತಾರೆ.

ನಿಮ್ಮಲ್ಲಿ ಒಂದೇ ಕೋರಿಕೆ. ನಿಮ್ಮ ಮನೆಯಲ್ಲಿ ಇಬ್ಬರು ಮಾತು ಬಿಟ್ಟಿದ್ದರೆ, ನಡುವೆ ನಿಂತು ಮಾತು ಸಾಗಿಸುವ ಉಪಕಾರ ಮಾಡಬೇಡಿ. ನಾನು ಹನ್ನೊಂದು ವರ್ಷ ಮಾಡಿದೆ. ನಾನು ಸುಮ್ಮನಾದ ಅರ್ಧ ಗಂಟೆಯಲ್ಲಿ ಅವರ ಜಗಳ ಮುಗಿಯಿತು.

ನಿಮ್ಮ ಹನ್ನೆರಡನೆಯ ತಲೆಮಾರಿನವಳು,
ಚಂದ್ರಕಲಾ